ಎಳೆ ಮುರಿಯುವ ಹದ

ಇದು ಶುರುವಾದದ್ದು ಮೇ ತಿಂಗಳ ಕೊನೆಗೆ, ಮಳೆಯ ಸುಳಿವಿಲ್ಲದೆ ಸಮುದ್ರದ ನೀರು ಒಳನುಗ್ಗುವ ಖಾಡಿಯ ಕಡೆಯಿಂದ ಉಪ್ಪು ಕೆಸರಿನ ವಾಸನೆಯ ಬಿಸಿಗಾಳಿ ಬೀಸುತ್ತಿದ್ದ ದಿನಗಳಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ. ಆ ಹೊತ್ತನ್ನು ವಿರುಪಾಕ್ಷಪ್ಪ ಎಷ್ಟೋ ಸಲ ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ ನೋಡಿದ್ದಾನೆ. ಅವತ್ತು ಬೆಳಿಗ್ಗೆ ತಾನು ಡಬ್ಬಿ ಮರೆಯದಿದ್ದರೆ ಹೆಂಡತಿ ರತ್ನಾಬಾಯಿ ಅದನ್ನು ಹಿಡಿದುಕೊಂಡು ಕಳವಾ ಎಂಬ ಊರಿನ ಗುಡ್ಡದ ಮೇಲಿನ ಖೋಲಿಯಿಂದ ಇಳಿದು ಬರುತ್ತಿರಲಿಲ್ಲ. ಬಂದವಳು ಬಾಗಿಲಲ್ಲೇ ಡಬ್ಬಿ ಕೊಟ್ಟು ಹೊರಟಿದ್ದರೆ ಮಣ್ಣು ಪರೀಕ್ಷೆಯ ಆ ಲ್ಯಾಬಿನ ಒಳಗೆ ಏನಿದೆ ಎಂದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಫ್ಯಾನಿನ ಕೆಳಗೆ ಒಂದು ಗಳಿಗೆ ಕೂತು ಹೋಗು ಎಂದು ತಾನೇ ಹೇಳದಿದ್ದರೆ. ಹೇಳಿದ್ದ. ಅವಳು ಕೂತಳು. ಗಾಜಿನ ಹಲಗೆಯ ಮೇಲೆ ಅವನು ಅರ್ಧಕ್ಕೆ ಬಿಟ್ಟ ಮಣ್ಣಿನ ಉಂಡೆ ಇತ್ತು. ಅವನು ಕೈ ತೊಳೆದು ಬರುವುದರೊಳಗೆ ಅವಳು ಅದರಿಂದ ಒಂದು ಚೂರು ಹರಿದುಕೊಂಡು, "ಇದೇನ್ರೀ, ದಿನಾ ಇಲ್ಲಿ ಶಾವಿಗಿ ಹೊಸೀತೀರೇನು?" ಎಂದು ನಗುತ್ತ ಬೆರಳ ತುದಿಯ ಕೆಳಗೆ ಅದನ್ನು ಹೊಸೆಯತೊಡಗಿದ್ದಳು. ಕ್ಯಾಬಿನ್ನಿನಿಂದ ಹೊರಬಂದ ಲ್ಯಾಬಿನ ಮಾಲೀಕರು, ಪುಂಡರೀಕಾಕ್ಷ ರಾಯರು, ಹಾಗೇ ನಿಂತುಬಿಟ್ಟರು. "ಇದೆಂತ ಕೈ ಮಾರಾಯ್ರೆ!" ಎಂದರು. ಅವರ ಮಗಳು ಅಪರ್ಣಾ ಓಡಿಬಂದು ಮೂರು ಮಿಲಿಮೀಟರಿನ ಉಕ್ಕಿನ ಕಡ್ಡಿಯನ್ನು ಎಳೆಯ ಪಕ್ಕದಲ್ಲಿಟ್ಟಳು. ಕಡ್ಡಿಗೂ ಎಳೆಗೂ ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ವಿರುಪಾಕ್ಷಪ್ಪ ಒದ್ದೆ ಕೈಗಳನ್ನು ಪ್ಯಾಂಟಿನ ಬದಿಗೆ ಒರೆಸಿಕೊಳ್ಳುತ್ತ ನಿಂತಿದ್ದ. ಅವನಿಗೂ ಆಗ ಹೆಮ್ಮೆಯಾಗಿತ್ತು. ಅದು ನಿಜ. ಒಂದು ಗಳಿಗೆಯ ಮಟ್ಟಿಗೆ ಹೆಮ್ಮೆಯಾಗಿತ್ತು.

ಈಗ ಶ್ರಾವಣ. ಹೊರಗೆ ಮಳೆ ಹನಿಯುತ್ತಿದೆ. ಗಾಜಿನ ಹಲಗೆಯ ಮುಂದಿನ ಸ್ಟೂಲಿನ ಮೇಲೆ, ಮಡಚಿದ ಗೋಣಿಚೀಲ ಹಾಕಿಕೊಂಡು, ರತ್ನಾಬಾಯಿ ಕೂತಿದ್ದಾಳೆ. ವಿರುಪಾಕ್ಷಪ್ಪನಿಗೆ ಜಾಗ ಬಂದಿರುವುದು ಒಲೆಯ ಹತ್ತಿರ. ಲ್ಯಾಬಿನ ಒಲೆ ಎಂದರೆ ಮಣ್ಣಿನ ನೀರು ಆರಿಸುವ ಕಬ್ಬಿಣದ ಪೆಟ್ಟಿಗೆ. ಬಾಗಿಲು ತೆರೆದರೆ ಮುಖಕ್ಕೆ ಝಳ ಹೊಡೆಯುತ್ತದೆ. ಸಣ್ಣ ಡಬ್ಬಿಗಳಲ್ಲಿ ಮಣ್ಣಿನ ಚೂರುಗಳನ್ನು ಒಳಗಿಡುವುದು, ಮರುದಿನ ತೆಗೆದು ತೂಗುವುದು, ಜರಡಿ ಅಲ್ಲಾಡಿಸುವ ಯಂತ್ರಕ್ಕೆ ಜರಡಿ ಕೂಡಿಸುವುದು ಅವನ ಕೆಲಸ. ಕೆಲಸ ಕಡಿಮೆಯದಲ್ಲ ಎಂದು ಸಾಹೇಬರು ಹೇಳಿದ್ದರು. "ವಿರುಪಾಕ್ಷಪ್ಪ, ನಿಮಗೆ ವಯಸ್ಸಾಯ್ತು, ಬೆನ್ನು ಬಗ್ಗಿಸಿ ಹೊಸೆಯುವುದು ಎಂತದಕ್ಕೆ? ಅವರು ಮಾಡಲಿ. ನೀವು ಮೇಲಿನಿಂದ ನೋಡಿಕೊಳ್ಳಿ." ಮೇಲಿನಿಂದ ನೋಡಿಕೊಳ್ಳುವುದು. ಅವನು ನೋಡುತ್ತಲೇ ಇದ್ದ. ಮೇಲಿನಿಂದಲ್ಲ, ಪಕ್ಕದಿಂದ, ಒಲೆಯ ಬಾಗಿಲ ಸಂದಿಯಿಂದ, ತಕ್ಕಡಿಯ ಗಾಜಿನೊಳಗಿನಿಂದ. ನೋಡಿ ನೋಡಿ ಅವಳ ಕೈಯ ಚಲನೆಯೆಲ್ಲ ಅವನ ಕಣ್ಣಿಗೆ ಬಾಯಿಪಾಠವಾಗಿತ್ತು. ನಾಲ್ಕು ಬೆರಳು ಮುಂದಕ್ಕೆ, ನಾಲ್ಕು ಬೆರಳು ಹಿಂದಕ್ಕೆ. ಎಳೆ ಸಣ್ಣಗಾದಂತೆ ಬೆರಳು ಹಗುರಾಗುತ್ತವೆ. ಆಮೇಲೆ ಹೆಬ್ಬೆರಳು. ಆ ಹೆಬ್ಬೆರಳನ್ನು ಅವನು ಜೂನ್ ತಿಂಗಳಿಂದಲೇ ಕಂಡಿದ್ದ.

ಮಣ್ಣನ್ನು ಬಣ್ಣ ನೋಡಿ ವಿಂಗಡಿಸಲಾಗುವುದಿಲ್ಲ. ಕಪ್ಪಗಿದ್ದದ್ದೆಲ್ಲ ಒಂದೇ ಅಲ್ಲ. ನೀರು ಕುಡಿದಾಗ ಅದು ಹೇಗೆ ನಡೆದುಕೊಳ್ಳುತ್ತದೆ, ನೀರು ಬಿಡುವಾಗ ಹೇಗೆ ನಡೆದುಕೊಳ್ಳುತ್ತದೆ, ಅದೇ ಅದರ ಜಾತಿ. ಹಿತ್ತಾಳೆಯ ಬಟ್ಟಲಲ್ಲಿ ಮಣ್ಣಿನ ಸರಿ ಹಾಕಿ, ನಡುವೆ ಗೀರು ಎಳೆದು, ಹಿಡಿಕೆ ತಿರುವಿ ಕುಟ್ಟಿದರೆ ಗೀರು ಕೂಡಿಕೊಳ್ಳುತ್ತದಲ್ಲ, ಅಲ್ಲಿಗೆ ಮಣ್ಣು ಹರಿಯುವ ಹದಕ್ಕೆ ಬಂತು. ಅದೇ ಮಣ್ಣನ್ನು ಗಾಜಿನ ಮೇಲೆ ಹೊಸೆಯುತ್ತ ಹೋದರೆ ನೀರು ಆರಿ ಆರಿ, ಕಡ್ಡಿಯಷ್ಟು ಸಣ್ಣಗಾದಾಗ ಎಳೆ ಬಿರಿದು ತುಂಡಾಗುತ್ತದೆ. ಅದು ಮುರಿಯುವ ಹದ. ಈ ಎರಡು ಹದಗಳ ನಡುವಿನ ನೀರಿನ ಅಂತರ ಎಷ್ಟು ದೊಡ್ಡದೋ ಮಣ್ಣು ಅಷ್ಟು ಹಟಮಾರಿ. ಮಳೆಗಾಲಕ್ಕೆ ಉಬ್ಬಿ, ಬೇಸಿಗೆಗೆ ಕುಗ್ಗಿ, ಮೇಲೆ ಕಟ್ಟಿದ ಗೋಡೆಯನ್ನು ಎತ್ತಿ ಇಳಿಸಿ ಸೀಳಿಬಿಡುತ್ತದೆ. ಅಂಥ ಮಣ್ಣಿನಲ್ಲಿ ಮಾಮೂಲಿ ಪಾಯ ನಡೆಯುವುದಿಲ್ಲ, ಕೆಳಗಿನ ಗಟ್ಟಿ ನೆಲದ ತನಕ ಕಂಬ ಇಳಿಸಬೇಕು. ಇದನ್ನೆಲ್ಲ ವಿರುಪಾಕ್ಷಪ್ಪನಿಗೆ ಹೇಳಿಕೊಟ್ಟವರು ಪುಂಡರೀಕಾಕ್ಷರೇ. ಆಗ ಅವನು ಡೊಂಬಿವಲಿಯಲ್ಲಿ ಅವರ ತಂದೆಯ ಉಡುಪಿ ಹೋಟೆಲಿನಲ್ಲಿ ದೋಸೆ ಹಿಟ್ಟು ರುಬ್ಬಿಸುತ್ತಿದ್ದ. ಹೊಸದಾಗಿ ಲ್ಯಾಬ್ ತೆಗೆದ ತರುಣ ಇಂಜಿನಿಯರು ಒಂದು ದಿನ ಅಡುಗೆಮನೆಗೆ ಬಂದು, ಹಿಟ್ಟಿನೊಳಗೆ ಕೈ ಇಳಿಸಿ ಹದ ನೋಡುತ್ತಿದ್ದ ಅವನನ್ನು ಕಂಡು ಅಂದಿದ್ದರು: "ನೀವು ನನ್ನ ಜೊತೆ ಬನ್ನಿ. ಹಿಟ್ಟಿನ ಹದ ತಿಳಿದ ಕೈಗೆ ಮಣ್ಣಿನ ಹದ ತಿಳಿಯದೆ ಉಂಟಾ?" ಆ ಮಾತನ್ನು ಅವನು ಇಷ್ಟು ವರ್ಷ ಯಾರಿಗೂ ಹೇಳದೆ ಒಳಗೆ ಇಟ್ಟುಕೊಂಡಿದ್ದ. ಜೂನ್ ಒಂದನೇ ತಾರೀಖು ರತ್ನಾಬಾಯಿ ಕೆಲಸಕ್ಕೆ ಸೇರಿದಾಗ ಸಾಹೇಬರು ಮಗಳಿಗೆ ಅಂದರು: "ಶಾವಿಗೆಯ ಹದ ತಿಳಿದ ಕೈ ಅದು. ಮಣ್ಣಿನದು ತಿಳಿಯದೆ ಉಂಟಾ?" ಅವನು ಒಲೆಯ ಬಾಗಿಲು ಮುಚ್ಚಿದ. ಸ್ವಲ್ಪ ಜೋರಾಗಿಯೇ ಮುಚ್ಚಿದ.

ಅವನ ಕೈಗೆ ಏನಾಗಿತ್ತು ಎಂಬುದನ್ನು ಅವನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಅಂಗೈ ಒಣಗಿ ಬಿರಿಯತೊಡಗಿತ್ತು. ಬೆರಳ ತುದಿಗಳ ಮೇಲೆ ಯಾವಾಗಲೂ ತೆಳ್ಳನೆಯ ಬಟ್ಟೆ ಸುತ್ತಿದಂತೆ ಇರುತ್ತಿತ್ತು. ಎಳೆ ದಪ್ಪವಿದೆಯೋ ಸಣ್ಣಗಾಯಿತೋ ತಿಳಿಯುತ್ತಿರಲಿಲ್ಲ. ಮೊದಲೆಲ್ಲ ಆ ಉಕ್ಕಿನ ಕಡ್ಡಿಯನ್ನು ಕಂಡರೆ ಅವನಿಗೆ ಅವಮಾನವಾಗುತ್ತಿತ್ತು. ಕಲಿಯುವ ಹುಡುಗರಿಗೆ ಬೇಕಾದದ್ದು ಅದು, ತನಗೇಕೆ? ಹೋದ ವರ್ಷದಿಂದ ಅಪರ್ಣಾ ಆಚೆ ಹೋದಾಗ ಅದನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡು ಕಣ್ಣಿನಲ್ಲೇ ಅಳೆಯುತ್ತಿದ್ದ. ಮಣ್ಣಿನ ನೀರನ್ನು ಅವನ ಒಣ ಅಂಗೈ ಹೀರಿಕೊಂಡು ಎಳೆ ಬೇಗ ಮುರಿಯುತ್ತಿತ್ತು. ಬೇಗ ಮುರಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಎರಡು ಸಲ, ಮೂರು ಸಲ ಮಾಡಿ, ಸರಿ ಅನ್ನಿಸಿದ್ದನ್ನು ಇಡುತ್ತಿದ್ದ. ಸಾಹೇಬರ ಕಣ್ಣಿಗೆ ಇದು ಬಿದ್ದಿತ್ತೇ? ಬಿದ್ದೇ ಅವಳನ್ನು ತಂದು ಕೂಡಿಸಿದರೇ? ಬೆನ್ನು, ವಯಸ್ಸು ಎಂದದ್ದೆಲ್ಲ ನೆಪವೇ? ಹಾಗಾದರೆ ಅವಳಿಗೂ ಗೊತ್ತಿರಬೇಕು. ಗೊತ್ತಿದ್ದೂ ಸ್ಟೂಲಿನ ಮೇಲೆ ಗೋಣಿಚೀಲ ಮಡಚಿ ಹಾಕಿಕೊಂಡು, ತನ್ನದೇ ಮನೆಯ ಮಣೆಯೆಂಬಂತೆ ಕೂತಳಲ್ಲ.

ಅವಳು ಬಂದ ಮೇಲೆ ಲ್ಯಾಬಿನಲ್ಲಿ ಮಾತು ಹೆಚ್ಚಾಗಿತ್ತು. ವಿರುಪಾಕ್ಷಪ್ಪ ಇದ್ದ ವರ್ಷಗಳಲ್ಲಿ ಅಲ್ಲಿ ಕೇಳುತ್ತಿದ್ದದ್ದು ಬಟ್ಟಲು ಕುಟ್ಟುವ ಸದ್ದು, ಜರಡಿಯ ಸದ್ದು. ಈಗ ನಗು. ನೆಲ ಕೊರೆಯುವ ಗ್ಯಾಂಗಿನ ಮುಕಾದಮ ಸಂಗಮೇಶ ಟೆಂಪೋದಲ್ಲಿ ಮಣ್ಣಿನ ಮಾದರಿ ತಂದಾಗ ಮೊದಲು ಒಲೆಯ ಕಡೆಗೆ ಬರುತ್ತಿದ್ದವನು ಈಗ ನೇರ ಗಾಜಿನ ಹಲಗೆಯ ಹತ್ತಿರ ಹೋಗುತ್ತಿದ್ದ. "ಕಾಕೂ, ಇದು ಕಲ್ಯಾಣ-ಶಿಳ್ ರಸ್ತಾದ್ದು. ದವಾಖಾನಿ ಕಟ್ಟಸ್ತಾರಂತ. ನೋಡ್ರಿ, ನಮ್ಮೂರ ಎರಿ ಇದ್ದಂಗ ಐತಿ." ಅವಳು ಉಂಡೆಯನ್ನು ಅಂಗೈಯಲ್ಲಿ ಹಿಚುಕಿ ಅಂದಳು: "ಇದು ನಮ್ಮ ಅತ್ತಿಯಂಥಾದ್ದು ಐತಿ ನೋಡೋ ಸಂಗ್ಯಾ. ಒಂದು ಹನಿ ಬಿದ್ರ ಸಾಕು, ಉಬ್ಬಿ ಕುಂತಬಿಡತೈತಿ." ಸಂಗಮೇಶ ತೊಡೆ ತಟ್ಟಿ ನಕ್ಕ. ಅಪರ್ಣಾ ಅರ್ಥ ಕೇಳಿ, ಅರ್ಥವಾದ ಮೇಲೆ ಇನ್ನೂ ಜೋರಾಗಿ ನಕ್ಕು, "ಪಪ್ಪಾ, ರಿಪೋರ್ಟ್ ಮೇಂ ಲಿಖೂಂ ಕ್ಯಾ, ಸಾಸೂ ಕ್ಲೇ?" ಅತ್ತೆ ಜೇಡಿ ಎಂದೇ ವರದಿಯಲ್ಲಿ ಬರೆಯಲೇ ಎಂದು ಕೇಳಿದಳು. ಸಾಹೇಬರೂ ನಕ್ಕರು. ಅತ್ತೆ ಎಂದರೆ ವಿರುಪಾಕ್ಷಪ್ಪನ ಅವ್ವ. ಅವ್ವ ಸತ್ತು ಎಷ್ಟೋ ಕಾಲವಾಗಿತ್ತು. ಎರೆಹೊಲದ ಬಿರುಕಿನಲ್ಲಿ ಕಾಲು ಸಿಕ್ಕಿ ಬಿದ್ದ ಅವನನ್ನು ಎತ್ತಿಕೊಂಡು, ಆ ಬಿರುಕಿಗೇ ಬೈಯುತ್ತಿದ್ದ ಅವ್ವ. ಅವಳು ಉಬ್ಬಿ ಕೂತಿದ್ದನ್ನು ಅವನು ಕಂಡಿರಲಿಲ್ಲ. ಅಥವಾ ಕಂಡಿದ್ದ, ಆದರೆ ಅದು ಮನೆಯ ಮಾತು. ಅದನ್ನು ಈ ಉಡುಪಿಯವರ ಮುಂದೆ ಇಟ್ಟು ನಗಿಸಿದ್ದಕ್ಕಿಂತ ಹೆಚ್ಚಾಗಿ ಅವನನ್ನು ಚುಚ್ಚಿದ್ದು ಬೇರೆಯೇ ಒಂದು ಸಂಗತಿ. ಅವಳ ಮಾತು ಸರಿಯಾಗಿತ್ತು. ಆ ಮಣ್ಣಿಗೆ ಅಷ್ಟು ಒಪ್ಪುವ ಮಾತು ಈ ಜನ್ಮದಲ್ಲಿ ಅವನ ಬಾಯಿಗೆ ಬರುತ್ತಿರಲಿಲ್ಲ. "ಏನ್ ಕಾಕಾ, ಗಪ್ ಕುಂತೀರಿ? ಮಾಲ್ಕೀಣಬಾಯಿ ಮುಂದ ಬಾಯಿ ಇಲ್ಲೇನು?" ಎಂದು ಸಂಗಮೇಶ ಹೋಗುವಾಗ ಕೆಣಕಿದ. ವಿರುಪಾಕ್ಷಪ್ಪ ನಕ್ಕ. ನಗುವುದು ಅವನಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ನಗು ನಿಲ್ಲಿಸಿದ ಮೇಲೆ ಮುಖವನ್ನು ಏನು ಮಾಡುವುದೆಂದು.

ಒಂದು ಭಾನುವಾರ ಕಲ್ಯಾಣದಲ್ಲಿರುವ ಮಗಳು ಸೋನಾಲಿಯ ಮನೆಗೆ ಹೋಗಿದ್ದರು. ಲೋಕಲಿನಲ್ಲಿ ಎಂದಿನಂತೆ ರತ್ನಾಬಾಯಿ ಹೆಂಗಸರ ಡಬ್ಬಿ ಹತ್ತಿದಳು, ಅವನು ಪಕ್ಕದ ಡಬ್ಬಿ. ನಡುವಿನ ಜಾಲರಿಯ ಆಚೆ ಅವಳು ಗುರುತಿಲ್ಲದ ಹೆಂಗಸೊಬ್ಬಳಿಗೆ ಅಂಗೈ ಚಾಚಿ ಏನೋ ತೋರಿಸುತ್ತಿದ್ದಳು. ನಾಲ್ಕು ಬೆರಳು ಮುಂದೆ, ನಾಲ್ಕು ಬೆರಳು ಹಿಂದೆ. ಇಷ್ಟು ವರ್ಷ ಅವನು ಮಾಡುತ್ತಿದ್ದ ಕೆಲಸ ಏನೆಂದು ಅವಳು ಯಾರಿಗೂ ಹೀಗೆ ತೋರಿಸಿದ್ದನ್ನು ಅವನು ಕಂಡಿರಲಿಲ್ಲ. "ಮಣ್ಣಿನ ಕಂಪನಿಯಾಗ ಅದಾರ" ಎಂದು ಮುಗಿಸುತ್ತಿದ್ದಳು. ಸೋನಾಲಿ ಬಾಗಿಲು ತೆಗೆದವಳೇ ಅಪ್ಪನ ಕೈಗೆ ಫೋನ್ ಕೊಟ್ಟಳು. ಅಪರ್ಣಾ ಕಳಿಸಿದ ವಿಡಿಯೋ. ರತ್ನಾಬಾಯಿಯ ಕೈಗಳು, ಗಾಜು, ಎಳೆ; ಹಿನ್ನೆಲೆಯಲ್ಲಿ ಯಾವುದೋ ಹಿಂದಿ ಹಾಡಿನ ಸದ್ದು. "ಬಘಾ ನಾ ಬಾಬಾ, ಆಯೀಚೇ ಹಾತ್! ಕಿತೀ ಲೋಕಾಂನೀ ಬಘಿತ್ಲಂಯ್!" ನೋಡಪ್ಪಾ, ಅವ್ವನ ಕೈ, ಎಷ್ಟು ಜನ ನೋಡಿದ್ದಾರೆ ಎಂದು ಮಗಳು ಮರಾಠಿಯಲ್ಲಿ ಕುಣಿಯುತ್ತಿದ್ದಳು. ಅವನು ನೋಡಿದ. ವಿಡಿಯೋದ ಮೂಲೆಯಲ್ಲಿ, ಒಲೆಯ ಹತ್ತಿರ, ಎರಡು ಮೊಣಕಾಲುಗಳು ಕಾಣುತ್ತಿದ್ದವು. ಖಾಕಿ ಪ್ಯಾಂಟು. ತನ್ನವು. ಮೊಣಕಾಲಿನಿಂದ ಮೇಲೆ ಚೌಕಟ್ಟು ಮುಗಿದಿತ್ತು. ಮಗಳು ಕೇಳದಿದ್ದರೂ ಅವನು ಅದನ್ನು ಇನ್ನೊಮ್ಮೆ ಹಾಕಿಸಿ ನೋಡಿದ. ಎಳೆ ಬಿರಿಯುವ ಗಳಿಗೆ ಬಂತು. ಹೆಬ್ಬೆರಳು ಬಂದು ಒತ್ತಿತು. ಎಳೆ ಮತ್ತೆ ಕೂಡಿಕೊಂಡಿತು. ಇಷ್ಟು ಜನ ನೋಡಿದ್ದಾರಂತೆ. ಯಾರ ಕಣ್ಣಿಗೂ ಬಿದ್ದಿಲ್ಲ. ಮೈಯೊಳಗೆ ಎಲ್ಲಿಯೋ ಒಂದು ಬಿಸಿ ಸುಖ ಹರಿದದ್ದು ಅವನಿಗೆ ತಿಳಿಯಿತು. ಸೊಸೆಯ ಅಡುಗೆಯಲ್ಲಿ ಉಪ್ಪಿಲ್ಲವೆಂದು ಗೊತ್ತಿದ್ದೂ ಬಡಿಸಲು ಬಿಡುವ ಮುದುಕಿಯ ಸುಖದಂಥದು. ಅದರ ಜೊತೆಗೇ ನಾಚಿಕೆಯೂ ಆಯಿತು. ಆದರೆ ಸುಖ ಮೊದಲು ಬಂದಿತ್ತು.

ಶಾವಿಗೆ ಹೊಸೆಯುವವಳಿಗೆ ಎಳೆ ಮುರಿಯುವುದೆಂದರೆ ಸೋಲು. ಚಿಕ್ಕವಳಿದ್ದಾಗಿನಿಂದ ಅವಳು ಕಲಿತದ್ದೆಲ್ಲ ಮುರಿಯದಂತೆ ನೋಡಿಕೊಳ್ಳುವುದನ್ನೇ. ಬಿರುಕು ಕಂಡ ಕೂಡಲೇ ಹೆಬ್ಬೆರಳಿನಿಂದ ಒತ್ತಿ ಬೆಸೆದು ಮುಂದೆ ಹೊಸೆಯುತ್ತಿದ್ದಳು. ಮಣ್ಣು ತಾನಾಗಿ ಬಿರಿದಾಗ ಬಿಟ್ಟುಬಿಡಬೇಕು; ಅಲ್ಲಿಗೆ ಪರೀಕ್ಷೆ ಮುಗಿಯಿತು. ಅವಳು ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಒಳಗಿನ ನೀರು ಇನ್ನಷ್ಟು ಆರುತ್ತಿತ್ತು, ಮುರಿಯುವ ಹದ ಇರುವುದಕ್ಕಿಂತ ಕೆಳಗೆ ಇಳಿಯುತ್ತಿತ್ತು, ಅಂತರ ಹಿಗ್ಗುತ್ತಿತ್ತು. ಸಾಧು ಮಣ್ಣೂ ಅವಳ ಕೈಯಲ್ಲಿ ಹಟಮಾರಿಯಾಗುತ್ತಿತ್ತು. ಇದು ವಿರುಪಾಕ್ಷಪ್ಪನಿಗೆ ಮೊದಲ ವಾರದಲ್ಲೇ ತಿಳಿದಿತ್ತು. ಬಾಯಿ ತೆರೆದು ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ ಅವಳು ತಿದ್ದಿಕೊಳ್ಳುತ್ತಾಳೆ, ಒಂದೇ ದಿನದಲ್ಲಿ. ಆ ಕೈ ಅಂಥದು. ತಿದ್ದಿಕೊಂಡ ಮೇಲೆ ಆ ಸ್ಟೂಲು ಪೂರ್ತಿ ಅವಳದಾಗುತ್ತದೆ. ಹೇಳದಿದ್ದರೆ ಒಂದಲ್ಲ ಒಂದು ದಿನ ಸಾಹೇಬರೇ ಕಂಡುಹಿಡಿಯುತ್ತಾರೆ, ಬಾಯಿಯವರೇ ನಾಳೆಯಿಂದ ಬೇಡ ಅನ್ನುತ್ತಾರೆ, ಅವನು ಒಲೆಯ ಹತ್ತಿರದಿಂದ ಎದ್ದು ಬಂದು ಮೊದಲಿನಂತೆ ಕೂರುತ್ತಾನೆ. ಅವನು ಕಾಯುತ್ತಿದ್ದದ್ದು ಆ ದಿನಕ್ಕೆ.

ಅವಳು ಕೇಳದೆ ಇದ್ದಿದ್ದರೆ ಹೇಗೋ ಆಗುತ್ತಿತ್ತು. ದಿನವೂ ಕೇಳುತ್ತಿದ್ದಳು. ಸಂಜೆ ಗುಡ್ಡದ ಮೆಟ್ಟಿಲು ಹತ್ತುವಾಗ, ನಡುವೆ ದಣಿವಾರಿಸಿಕೊಳ್ಳಲು ನಿಂತಾಗ, "ಇವತ್ತ ಹೆಂಗಿತ್ರೀ ನನ್ನ ಕೈ?" ಅನ್ನುತ್ತಿದ್ದಳು. ಅವನು "ಚಲೋ ಐತಿ" ಅನ್ನುತ್ತಿದ್ದ. ಮದುವೆಯಾದಾಗಿನಿಂದ ಅವಳ ಅಡುಗೆಗೆ, ಸೀರೆಗೆ, ಅವಳು ಬೆಳೆಸಿದ ಮಗಳಿಗೆ ಅವನು ಅಂದಿರದ ಮಾತು ಅದು. ಕೆಳಗೆ ಕಾರ್ ಶೆಡ್ಡಿನಲ್ಲಿ ದೀಪ ಹೊತ್ತಿದ ರೈಲುಗಳು ಸಾಲಾಗಿ ನಿಂತಿರುತ್ತಿದ್ದವು. ಅವಳ ಮುಖ ಆ ಬೆಳಕಿನಲ್ಲಿ ಹುಡುಗಿಯ ಮುಖದಂತೆ ಅರಳುತ್ತಿತ್ತು. ಪಕ್ಕದ ಖೋಲಿಯ ಜಯಲತಾಗೆ ಅವಳು ಹೇಳಿಕೊಂಡದ್ದನ್ನೂ ಅವನು ಗೋಡೆಯ ಈಚೆಯಿಂದ ಕೇಳಿದ್ದ. "ನಮ್ಮನಿಯವರು ಚಲೋ ಐತಿ ಅಂತಾರ ಅಂದ್ರ ಚಲೋನ ಇರಬೇಕವ್ವಾ. ಅವರು ಸುಮ್ನ ಅನ್ನೂವರಲ್ಲ." ಮೊದಲ ಮಳೆ ಬಿದ್ದ ಸಂಜೆ ಅವನು ಖೋಲಿಯ ಬಚ್ಚಲುಮೂಲೆಯ ಮೋರಿಯಲ್ಲಿ ಕೆಸರುಗಾಲು ತೊಳೆಯುತ್ತಿದ್ದಾಗ ಅವಳು ಸೊಪ್ಪು ಸೋಸುತ್ತ, ತಲೆ ಎತ್ತದೆ ಕೇಳಿದಳು. "ಎಳಿ ಬಿರಿಯಾಕ ಹತ್ತಿದ ಕೂಡ್ಲೆ ಹೆಬ್ಬಟ್ಟಿಲೆ ಒತ್ತಿ ಬೆಸೀತೀನ್ರೀ. ರೂಢಿ ಬಿಡವಲ್ದು. ನಡೀತೈತೇನದು?" ನೀರು ಕಾಲಿನ ಮೇಲೆ ಹರಿಯುತ್ತಿತ್ತು. ತಂಬಿಗೆ ಕೆಳಗಿಟ್ಟು, ಟವೆಲಿಗಾಗಿ ಕೈ ಚಾಚಿ, ಅವನು ಹೇಳಿದ, "ನಡೀತೈತಿ." ಆ ಒಂದು ಶಬ್ದ ಬಾಯಿಂದ ಎಷ್ಟು ಹಗುರಾಗಿ ಹೊರಬಿತ್ತೆಂದರೆ ಅದನ್ನು ತಾನೇ ಆಡಿದ್ದು ಅಂತ ಅನ್ನಿಸಲಿಲ್ಲ. ಅವಳು ಟವೆಲು ಕೊಟ್ಟಳು.

ಒಂದು ಶಾಲೆಯ ಪಾಯದ ಮಣ್ಣು ಬಂದದ್ದು ಪಂಚಮಿ ಕಳೆದ ಮೇಲೆ. ರತ್ನಾಬಾಯಿ ಎಳೆ ಹೊಸೆದಳು, ವಿರುಪಾಕ್ಷಪ್ಪ ಆರಿಸಿ ತೂಗಿದ, ಅಪರ್ಣಾ ಲೆಕ್ಕ ಹಾಕಿದಳು. ತುಂಬ ಉಬ್ಬುವ ಮಣ್ಣು ಎಂದು ಬಂತು. ಆದರೆ ಅದೇ ಮಣ್ಣಿನ ಪುಡಿಯನ್ನು ಎಷ್ಟು ಉಬ್ಬುತ್ತದೆಂದು ನೋಡಲು ಗಾಜಿನ ನಳಿಗೆಯಲ್ಲಿ ನೀರು ಹಾಕಿ ಇಟ್ಟಿದ್ದರಲ್ಲ, ಅದು ಮರುದಿನ ನೋಡಿದರೆ ಸ್ವಲ್ಪವೇ ಏರಿತ್ತು. ಅಪರ್ಣಾ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಳು. "ಪಪ್ಪಾ, ಸಮಥಿಂಗ್ ಈಸ್ ರಾಂಗ್. ನಳಿಗೆ ಮಧ್ಯಮ ಅಂತಿದೆ, ಎಳೆ ಜಾಸ್ತಿ ಅಂತಿದೆ. ದೋನೋ ಸಹೀ ನಹೀಂ ಹೋ ಸಕ್ತೇ. ಎರಡೂ ಸರಿ ಇರೋಕೆ ಆಗಲ್ಲ." ಪುಂಡರೀಕಾಕ್ಷರು ಕನ್ನಡಕ ಹಣೆಗೇರಿಸಿ ಬಂದರು. ಶಾಲೆಯವರು ಬಡ ಮಂಡಳಿ, ಎಂದರು ಅವರು. ಆಳದ ಕಂಬ ಬರೆದುಕೊಟ್ಟರೆ ಎರಡು ಮಹಡಿ ಬಿಟ್ಟು ಒಂದೇ ಕಟ್ಟುತ್ತಾರೆ. ಬೇಕಿದ್ದರೆ ಬರೆಯೋಣ, ಬೇಡದ್ದನ್ನು ಬರೆಯುವುದು ಹೇಗೆ? ರತ್ನಾಬಾಯಿ ಸ್ಟೂಲಿನಿಂದ ಎದ್ದು ನಿಂತಿದ್ದಳು. ಅವಳ ಕೈಗಳು ಸೆರಗಿನಲ್ಲಿ ಸುತ್ತಿಕೊಂಡಿದ್ದವು. "ನನ್ನಿಂದ ಏನರ ತಪ್ಪಾತೇನ್ರೀ ಸಾಹೇಬ್ರ?" ಎಂದಳು. ಸಾಹೇಬರು ಒಲೆಯ ಕಡೆ ತಿರುಗಿದರು. "ವಿರುಪಾಕ್ಷಪ್ಪ, ನೀವೊಮ್ಮೆ ನೋಡಿ ಮಾರಾಯ್ರೆ."

ಎರಡು ತಿಂಗಳಿಂದ ಅವನು ಕಾಯುತ್ತಿದ್ದ ಕರೆ ಅದು. ಅದಕ್ಕೆ ತಕ್ಕಂತೆ ನಡೆಯಬೇಕೆಂದು ಅವನು ಎಷ್ಟೋ ಸಲ ಮನಸ್ಸಿನಲ್ಲಿ ನಡೆದುಬಿಟ್ಟಿದ್ದ. ಅವಸರವಿಲ್ಲದೆ ಎದ್ದು, ಕೈ ಒರೆಸಿಕೊಂಡು, ಹಲಗೆಯ ಹತ್ತಿರ ಬಂದು. ಈಗ ಕೈ ಒರೆಸಿಕೊಳ್ಳುವುದನ್ನು ಮರೆತೇ ಬಂದ. "ಹೊಸಿ" ಎಂದ. ಅವಳು ಕೂತು ಹೊಸೆದಳು. ಎಲ್ಲರೂ ಬಾಗಿ ನೋಡುತ್ತಿದ್ದರು. ಎಳೆ ಸಣ್ಣಗಾಯಿತು, ಬಿರಿಯಿತು, ಹೆಬ್ಬೆರಳು ತಾನಾಗಿಯೇ ಅಲ್ಲಿಗೆ ಹೋಯಿತು. "ನೋಡ್ರಿ," ಎಂದ ವಿರುಪಾಕ್ಷಪ್ಪ, ಸಾಹೇಬರ ಕಡೆ ನೋಡಿ, ಅವಳ ಕಡೆ ನೋಡದೆ. "ಬೆಸೀತಾಳ. ಮುರೀಲಿಕ್ಕೆ ಬಿಡೂದಿಲ್ಲ. ಶಾವಿಗಿ ಅಂತ ತಿಳದಾಳ." ಕೊನೆಯ ಮಾತು ಬೇಕಿರಲಿಲ್ಲ. ಅದನ್ನು ಅವನು ಸೇರಿಸಿದ್ದ. ಸಾಹೇಬರು "ಹೌದಲ್ಲಾ!" ಎಂದು ಹಣೆ ಬಡಿದುಕೊಂಡರು. ಅಪರ್ಣಾ ನಗಲಿಲ್ಲ. ಅವನನ್ನೇ ನೋಡುತ್ತ ಕೇಳಿದಳು, "ಕಾಕಾ, ನೀವು ಇದನ್ನು ಯಾವಾಗ ನೋಡಿದ್ರಿ? ಕಬ್ ಸೇ?"

ಆಗ ರತ್ನಾಬಾಯಿ ತಲೆ ಎತ್ತಿದಳು. ಅವಳ ಹೆಬ್ಬೆರಳು ಇನ್ನೂ ಎಳೆಯ ಮೇಲೇ ಇತ್ತು. ಅವನಿಗೆ ಮೋರಿಯ ನೀರು ಕಾಲ ಮೇಲೆ ಹರಿದಂತಾಯಿತು. ಸೊಪ್ಪಿನ ವಾಸನೆ, ಟವೆಲು. ಎರಡು ತಿಂಗಳ ಎಲ್ಲ ಸಂಜೆಗಳೂ ಮೆಟ್ಟಿಲುಗಳಂತೆ ಅವರಿಬ್ಬರ ನಡುವೆ ನಿಂತಿದ್ದವು, ಅವಳು ಅವುಗಳನ್ನು ಒಂದೊಂದಾಗಿ ಇಳಿಯುತ್ತಿರುವುದು ಅವಳ ಕಣ್ಣಿನಲ್ಲಿ ಕಾಣುತ್ತಿತ್ತು. "ಇವತ್ತ," ಎಂದ ಅವನು. "ಇವತ್ತ ನೋಡಿದೆ." ಆಮೇಲೆ ರತ್ನಾಬಾಯಿ ಅಪರ್ಣಾಳ ಕಡೆ ತಿರುಗಿ, ಏನೂ ಆಗದವಳಂತೆ, "ಹೌದವಾ ತಂಗೀ," ಎಂದಳು. "ಅವರು ಒಲಿ ಮುಂದಿರ್ತಾರಲ್ಲ, ಅಲ್ಲಿಂದ ಹೆಂಗ ಕಾಣಬೇಕು? ಇವತ್ತ ಕಂಡೈತಿ." ಅವಳು ತನ್ನ ಸುಳ್ಳನ್ನು ಅವನ ಸುಳ್ಳಿನ ಪಕ್ಕದಲ್ಲಿಟ್ಟಳು, ಕಡ್ಡಿಯ ಪಕ್ಕದಲ್ಲಿ ಎಳೆ ಇಟ್ಟಷ್ಟು ಸಮನಾಗಿ. ಬೈದಿದ್ದರೆ ಅವನು ಬೈಯಬಹುದಿತ್ತು. ಅತ್ತಿದ್ದರೆ, ಹೆಂಗಸರ ಬುದ್ಧಿ ಎಂದು ಸಾಹೇಬರ ಮುಂದೆ ಕೈ ಆಡಿಸಬಹುದಿತ್ತು. ಅವಳು ಹೊಸ ಉಂಡೆ ಕಟ್ಟಿಕೊಂಡು ಮತ್ತೆ ಹೊಸೆದಳು. ಬಿರುಕು ಬಂದಾಗ ಹೆಬ್ಬೆರಳು ಎದ್ದಿತು. ಅವಳು ಅದನ್ನು ಎಡಗೈಯಿಂದ ಹಿಡಿದುಕೊಂಡಳು. ಎಳೆ ಮುರಿಯಿತು. ಅಷ್ಟೇ ಸಾಕಾಯಿತು. ಮರುದಿನ ತೂಗಿದಾಗ ನಳಿಗೆ ಹೇಳಿದ್ದೂ ಎಳೆ ಹೇಳಿದ್ದೂ ಒಂದೇ ಆಯಿತು. ಸಾಹೇಬರು "ಶಾಲೆ ಉಳಿಯಿತು ನೋಡಿ" ಎಂದು ಇಬ್ಬರಿಗೂ ಚಹ ತರಿಸಿದರು. ಜೂನಿನಿಂದ ಅವಳು ಹೊಸೆದ ಮಣ್ಣುಗಳನ್ನೆಲ್ಲ ಚೀಲಗಳಿಂದ ಮತ್ತೆ ತೆಗೆಸಿದರು. ಘೋಡಬಂದರ್ ರಸ್ತೆಯದು, ಮಾಜಿವಾಡಾದ್ದು, ಪನ್ವೆಲ್ ಕಡೆಯ ಖಾಡಿಯ ಚಿಪ್ಪು ಬೆರೆತ ಕಪ್ಪು ಜೇಡಿ. ಅವಳು ಒಂದೂ ಬಿಡದೆ ಮತ್ತೆ ಹೊಸೆದಳು. ನಗಲಿಲ್ಲ, ಯಾವ ಮಣ್ಣಿಗೂ ಹೆಸರಿಡಲಿಲ್ಲ. ಸಂಗಮೇಶ ಬಂದು, "ಯಾಕ ಕಾಕೂ, ಅತ್ತಿ ಮನಿಗೆ ಬಂದಾಳೇನು?" ಎಂದು ಕೇಳಿ, ಅವಳು ಇನ್ನೊಂದು ಉಂಡೆ ಹರಿದುಕೊಂಡದ್ದನ್ನು ನೋಡಿ ಟೆಂಪೋ ಹತ್ತಿದ.

ಮೆಟ್ಟಿಲು ಹತ್ತುವಾಗ ಅವಳು ಈಗ ನಡುವೆ ನಿಲ್ಲುತ್ತಿರಲಿಲ್ಲ. ಅವನೇ ನಿಲ್ಲುತ್ತಿದ್ದ, ಏದುಸಿರು ಬಿಡುತ್ತ. ಅವಳು ಮೇಲೆ ಹೋಗಿ ಬೀಗ ತೆಗೆದಿರುತ್ತಿದ್ದಳು. ರೊಟ್ಟಿ ಬಿಸಿಯಾಗಿಯೇ ಇರುತ್ತಿತ್ತು, ಪಲ್ಯಕ್ಕೆ ಉಪ್ಪು ಸರಿಯಾಗಿಯೇ ಇರುತ್ತಿತ್ತು. ಅವನು ಬಾಯಿಗೆ ಬಂದ ಮಾತನ್ನು ರೊಟ್ಟಿಯ ಜೊತೆ ನುಂಗುತ್ತಿದ್ದ. ಏನು ಹೇಳುವುದು? ಆ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ ಅನ್ನುವುದೇ? ನಿನ್ನ ಮುಖ ಅರಳಿತ್ತು, ಹೇಳಲು ಮನಸ್ಸಾಗಲಿಲ್ಲ ಅನ್ನುವುದೇ? ಎರಡನೆಯದು ಅವನಿಗೇ ಒಳ್ಳೆಯದೆನಿಸಿತು, ಎರಡು ದಿನ ಅದನ್ನು ಒಳಗೇ ಹೊಸೆದು ಹೊಸೆದು ಸಣ್ಣ ಮಾಡಿದ. ಹೇಳಲು ಬಾಯಿ ತೆರೆದ ಸಂಜೆ ಅವಳೇ ತಾಟು ಎತ್ತಿಕೊಳ್ಳುತ್ತ ಕೇಳಿದಳು. "ನಾ ನಿಮ್ಮನ್ನ ಎಷ್ಟು ಸಲ ಕೇಳಿದ್ದೆ?" ಸಿಟ್ಟಿರಲಿಲ್ಲ. ನಿಜಕ್ಕೂ ಎಷ್ಟು ಸಲವೆಂದು ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು. ಅವನು ತಾಟಿನ ಜಾಗದ ಒದ್ದೆ ಗುರುತನ್ನು ನೋಡುತ್ತ ಕೂತ. "ನನಗ ಹಟ ಇದ್ದಿದ್ದಿಲ್ಲರೀ ಆ ಕೆಲಸದ್ದು," ಎಂದಳು ಅವಳು, ಮೋರಿಯ ಕಡೆ ತಿರುಗಿ. "ಬಿಡು ಅಂದಿದ್ರ ಬಿಡತಿದ್ದೆ. ಚಲೋ ಐತಿ ಅನ್ನಬಾರದಿತ್ತು."

ಚೀಲಗಳಲ್ಲಿದ್ದ ಹಳೆಯ ಮಣ್ಣೆಲ್ಲ ಮುಗಿದ ದಿನ ಅವಳು ಗಾಜನ್ನು ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಗೋಡೆಗೆ ಒರಗಿಸಿಟ್ಟಳು. ಗೋಣಿಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಮನೆಯಲ್ಲಿ ಕೆಲಸವಿದೆ, ಮಗಳು ಕರೆಯುತ್ತಿದ್ದಾಳೆ ಎಂದು ಸಾಹೇಬರಿಗೆ ಹೇಳಿದಳು. ಅವರು ಎಷ್ಟೋ ಒತ್ತಾಯ ಮಾಡಿದರು. "ಈಗ ತಾನೆ ಕೈ ಪಕ್ಕಾ ಆಯ್ತಲ್ಲ ಬಾಯಿಯವರೇ, ಈಗ ಬಿಟ್ಟು ಹೋಗುವುದು ಎಂತದ್ದು?" ಅವಳು ನಕ್ಕು, "ಅವರ ಅದಾರಲ್ರೀ" ಎಂದು ಒಲೆಯ ಕಡೆ ಬೆರಳು ಮಾಡಿದಳು. ಅಪರ್ಣಾ ಅವಳನ್ನು ರಸ್ತೆ ಕೂಡುವ ನಾಕಾದ ತನಕ ಬಿಡಲು ಹೋದಳು. ಬೀದಿಯಲ್ಲಿ ಗಣಪತಿಯ ಮಂಟಪಕ್ಕೆ ಬಿದಿರು ಕಟ್ಟುತ್ತಿದ್ದರು. ಸುತ್ತಿಗೆಯ ಸದ್ದು ಒಳಗೆ ಕೇಳುತ್ತಿತ್ತು.

ವಿರುಪಾಕ್ಷಪ್ಪ ಸ್ಟೂಲಿನ ಮೇಲೆ ಕೂತ. ಗೋಣಿಚೀಲವಿಲ್ಲದ ಕಬ್ಬಿಣ ತಣ್ಣಗಿತ್ತು, ಹಲಗೆ ಎತ್ತರವೆನಿಸಿತು. ಉಂಡೆ ಹರಿದುಕೊಂಡು ಹೊಸೆಯತೊಡಗಿದ. ಬೆರಳಿಗೆ ಏನೂ ತಿಳಿಯಲಿಲ್ಲ. ಎಳೆ ಪೆನ್ಸಿಲಿನಷ್ಟು ದಪ್ಪವಿರುವಾಗಲೇ ಬಿರಿಯಿತು. ಇನ್ನೊಂದು ಹರಿದುಕೊಂಡ; ಅದೂ ಬಿರಿಯಿತು. ಅವನ ಹೆಬ್ಬೆರಳು ಅವನನ್ನು ಕೇಳದೆ ಬಿರುಕಿನ ಮೇಲೆ ಹೋಗಿ ಒತ್ತಿತು. ಮಣ್ಣು ಕೂಡಿಕೊಳ್ಳದೆ ಪುಡಿಯಾಗಿ ಗಾಜಿನ ಮೇಲೆ ಉದುರಿತು. ಹೊರಗಿನಿಂದ ಬಂದ ಅಪರ್ಣಾ ಛತ್ರಿ ಮಡಚುತ್ತ ಒಂದು ಗಳಿಗೆ ನಿಂತು ನೋಡಿದಳು. ಉಕ್ಕಿನ ಕಡ್ಡಿಯನ್ನು ಅವನ ಕೈಗೆ ಸಿಗುವಂತೆ ಹತ್ತಿರ ಸರಿಸಿ ಒಳಗೆ ಹೋದಳು. ಅವನು ಅದನ್ನು ಈ ಸಲ ಕದ್ದು ನೋಡಬೇಕಾಗಿರಲಿಲ್ಲ. ಪುಡಿಯನ್ನು ಒಟ್ಟುಗೂಡಿಸಿ, ನಾಲ್ಕು ಹನಿ ನೀರು ಚಿಮುಕಿಸಿ, ಮತ್ತೆ ಉಂಡೆ ಕಟ್ಟಿ, ಹೊಸೆದು, ಕಡ್ಡಿಯ ಪಕ್ಕಕ್ಕೆ ಇಟ್ಟು, ಪಕ್ಕಕ್ಕೆ ತಿರುಗಿ, "ಹೆಂಗೈತಿ ನನ್ನ ಕೈ?" ಎಂದು ಕೇಳಿದ. ಕೇಳಿದ ಮೇಲೆ ಅವನಿಗೆ ತಿಳಿಯಿತು, ತಾನು ಎದ್ದು ಬಂದ ಒಲೆಯ ಮುಂದೆ ಯಾರೂ ಇರಲಿಲ್ಲ. ರತ್ನಾಬಾಯಿ ಲ್ಯಾಬ್ ಬಿಟ್ಟು ಹೋಗಿದ್ದಳು. ಅದು ಗಣಪತಿ ಕೂಡ್ರುವ ಮುಂಚಿನ ಗುರುವಾರ.